ಚಿಕ್ಕನಿಂಗಮ್ಮ ಚಪ್ಪಡಿಯ ಮೇಲೆ ಕೂತದ್ದು

ನಮ್ಮ ಕೆಳಗೇರಿಯ ಚಿಕ್ಕನಿಂಗಮ್ಮ ಕೂಲಿಯವಳು. ಅರಿಶಿನದ ಹೊಲದಲ್ಲಿ ಯಾರು ಏನಂದರೂ ನಕ್ಕು ಕಳೆ ಕೀಳುತ್ತಿದ್ದವಳು. ಮಗಳು ರಾಣಿಯ ಕೂಸು ಮಹದೇವುವಿಗೆ ಎರಡನೇ ಸಲ ವಾಂತಿಭೇದಿ ಹತ್ತಿದಾಗ ಮಾತ್ರ ಅವಳ ನಗು ನಿಂತಿತು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾ ನರ್ಸು ಕೇಳಿದಳು, "ಕುಡಿಯೋ ನೀರು ಯಾವುದಮ್ಮ?"

"ನಲ್ಲೀಲಿ ಮೊದ್ಲು ಬತ್ತದಲ್ಲ, ಆ ಬಿಂದಿಗೆ ಕಣವ್ವ. ಅದು ದೇವ್ರಿಗೆ, ಕುಡಿಯಾಕೆ. ಆಮ್ಯಾಕಿಂದು ಮುಸುರೆಗೆ."

ನಮ್ಮ ಕೇರಿಯಲ್ಲಿ ಎಲ್ಲರೂ ಹಾಗೇ. ಬಾವಿಯ ಕಾಲಕ್ಕೆ ಅದು ಸರಿ. ಬೆಳಗಿನ ಮೊದಲ ಕೊಡ ಯಾರೂ ಕಲಕದ ನೀರು. ಆದರೆ ನಲ್ಲಿಯ ಪೈಪು ನಮಗೆ ಬರುವುದು ಮೇಲ್ಗೇರಿಯ ಬಚ್ಚಲ ನೀರು ಹರಿಯುವ ಮೋರಿಯೊಳಗೆ ಹಾದು. ನೀರು ನಿಂತಾಗ ಖಾಲಿ ಪೈಪು ಬಿರುಕಿನಿಂದ ಮೋರಿಯದನ್ನೇ ಎಳೆದುಕೊಳ್ಳುತ್ತದೆ, ಮಾರನೆಯ ದಿನ ಮೊದಲು ಬರುವುದೂ ಅದೇ ಎಂದು ನರ್ಸು ಬಿಡಿಸಿ ಹೇಳಿದಳು.

"ಅಂಗಾರೆ ದೇವ್ರಿಗೂ ಮೋರಿ ನೀರೇ ಮಡಗಿದ್ನಾ?" ಎಂದಳು ಚಿಕ್ಕನಿಂಗಮ್ಮ.

ಕೂಸು ಉಳಿಯಿತು. ಮೊದಲ ನೀರು ಚೆಲ್ಲಿ ಎಂದು ಅವಳು ಮನೆಮನೆಗೂ ಹೇಳಿದಳು. ಆದರೆ ಮೇಲ್ಗೇರಿಗೆ ಬಿಟ್ಟು ಮಿಕ್ಕ ನೀರಷ್ಟೇ ನಮಗೆ, ಚೆಲ್ಲಿದರೆ ಉಳಿಯುವುದೇನು? ಪೈಪು ಮೋರಿಯಿಂದ ತೆಗೆಸಿ ಎಂದು ಪಂಚಾಯ್ತಿ ಮೆಂಬರ್ ಸದಾಶಿವಪ್ಪನಿಗೆ ಹೇಳಿ ಹೇಳಿ ಸಾಕಾಯಿತು. ಒಂದು ಬೆಳಿಗ್ಗೆ ಅವಳು ಹೋಗಿ, ಊರಿಗೆಲ್ಲ ನೀರು ಬಿಡುವ ವಾಲ್ವಿನ ಗುಂಡಿಗೆ ಮುಚ್ಚಿದ ಚಪ್ಪಡಿಯ ಮೇಲೆ ಕೂತುಬಿಟ್ಟಳು. ನಾವು ಹೆಂಗಸರೂ ಸುತ್ತ ಕೂತೆವು.

ವಾಲ್ವು ತಿರುಗಿಸಲು ನೀರುಗಂಟಿ ನಟರಾಜು ಬಂದ. "ಎದ್ದೇಳವ್ವೋ, ಮೇಲ್ಗೇರಿಯೋರು ನನ್ನ ಚರ್ಮ ಸುಲೀತಾರೆ!"

"ಸುಲೀಲಿ ಬುಡ್ಲಾ. ನಿಂದು ದಪ್ಪ ಅದೆ."

ಮೇಲ್ಗೇರಿಯ ಶಂಕರಮ್ಮ ಖಾಲಿ ಕೊಡ ಹಿಡಿದು ಬಂದರು. "ಏನೇ ನಿಂಗಿ, ನಮ್ಗೂ ನೀರಿಲ್ದಂಗೆ ಮಾಡೀಯಾ? ಮನೇಲಿ ನೆಂಟ್ರವ್ರೆ ಕಣೇ."

"ನಿಮ್ಮ ಬಚ್ಚಲ ನೀರ ನಮ್ಮ ಕೂಸು ಕುಡಿದದೆ ಅಮ್ಮೋರೆ. ಪೈಪು ಎತ್ಸೋಗಂಟ ನಾ ಏಳಾಕಿಲ್ಲ."

ಶಂಕರಮ್ಮ ಕೊಡ ಕೆಳಗಿಟ್ಟು ಮೋರಿಗೆ ಬಗ್ಗಿ ನೋಡಿದರು. ಆಮೇಲೆ ಅವರೇ ಸದಾಶಿವಪ್ಪನಿಗೆ ಫೋನು ಹಚ್ಚಿದರು. "ಬಂದು ಅಗೆಸಪ್ಪ ಅತ್ಲಾಗಿ. ಕಾಫಿ ಕಾಸಾಕೂ ತೊಟ್ಟು ನೀರಿಲ್ಲ."

ನಮ್ಮ ಕೂಗಿಗೆ ಬಾರದವನು ಮೇಲ್ಗೇರಿಯ ಕಾಫಿಗೆ ಓಡಿಬಂದ. ಅಗೆಸಿ ನೋಡಿದರೆ ಒಡೆದ ಪೈಪಿಗೆ ಹಳೇ ಸೈಕಲ್ ಟ್ಯೂಬು ಸುತ್ತಿತ್ತು, ಅದೂ ಕೊಳೆತಿತ್ತು.

"ಇನ್ನೊಂದು ಟ್ಯೂಬು ಬಿಗೀಲಾ ನಟರಾಜು, ಸಾಕು," ಎಂದ ಸದಾಶಿವಪ್ಪ.

ಏಳಲು ಹೊರಟಿದ್ದ ಚಿಕ್ಕನಿಂಗಮ್ಮ ಸೀರೆ ಸರಿಮಾಡಿಕೊಂಡು ಮತ್ತೆ ಕೂತಳು. ಬೈದರೂ ಏಳಲಿಲ್ಲ, ಪೊಲೀಸು ಎಂದರೂ ಏಳಲಿಲ್ಲ. ಕೊಳ್ಳೇಗಾಲದಿಂದ ಟ್ರಾಕ್ಟರಿನಲ್ಲಿ ಹೊಸ ಪೈಪು ಬಂದು, ಮೋರಿ ಬಿಟ್ಟು ರಸ್ತೆಯ ಆಚೆ ಬದಿಗೆ ಪೈಪಿನ ಕಾಲುವೆ ತೋಡಲು ಹತ್ತಿದ ಮೇಲೆಯೇ ಎದ್ದಳು. ಎದ್ದವಳು ಮನೆಗೆ ಹೋಗಲಿಲ್ಲ. ನಟರಾಜುವಿನ ಕೈಯಿಂದ ಗುದ್ದಲಿ ಕಿತ್ತುಕೊಂಡು ಕಾಲುವೆಗೆ ಇಳಿದಳು.