ಲೀಲಮ್ಮ ಕೆಡವಿದ ಗೋಡೆ

ಲೀಲಮ್ಮನ ಹಟ ಮದರಾಸಿನ ಹತ್ತಿರದ ಅಂಬತ್ತೂರಿನ ನಮ್ಮ ಬೀದಿಗೆಲ್ಲ ಗೊತ್ತು. ಗಂಡ ಅಂದಾನಿಗೆ ರೈಲ್ವೆ ಕೆಲಸ ಸಿಕ್ಕಿ ನಾಗಮಂಗಲದಿಂದ ಬಂದವರು. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಕಾಲಿಟ್ಟ ವರ್ಷವೇ ಆಕೆ ಮುಂದಿನ ಜಾಗದಲ್ಲಿ ಕೊಟ್ಟಿಗೆ ಹಾಕಿಸಿ ಸೀಮೆಹಸು ಕಟ್ಟಿದಳು. ಹೆಸರು ಚುಕ್ಕಿ. ಹಾಲು ಕೊಡುವ ಹಸುವಿನ ಮೇಲೆ ಕಂಡವರ ಕಣ್ಣು ಬೀಳಬಾರದೆಂದು ಬೀದಿಯ ಕಡೆಗೆ ಆಳೆತ್ತರದ ಇಟ್ಟಿಗೆ ಗೋಡೆಯೂ ಎದ್ದಿತು.

೨೦೦೩ರ ಮೇ ತಿಂಗಳ ಬಿಸಿಲಿಗೆ ಚುಕ್ಕಿ ಮೇವು ಬಿಟ್ಟಿತು. ಬಾಯಿ ತೆರೆದು, ಜೊಲ್ಲು ಸುರಿಸುತ್ತ ಏದುಸಿರು ಬಿಡತೊಡಗಿತು. ಲೀಲಮ್ಮ ಊರಿನ ಮದ್ದನ್ನೇ ಮಾಡಿದಳು: ಉಳಿದ ಮೂರು ಕಡೆಗೂ ಗೋಣಿಚೀಲ ಕಟ್ಟಿ ನೀರು ಸುರಿದಳು. ನಾಗಮಂಗಲದ ಒಣಬಿಸಿಲಿನಲ್ಲಿ ಅದರಿಂದ ಕೊಟ್ಟಿಗೆ ತಂಪಾಗುತ್ತಿತ್ತು. ಮದರಾಸಿನ ಬೆವರು ಹವೆಯಲ್ಲಿ ಅದು ಇಡ್ಲಿ ಪಾತ್ರೆಯಾಯಿತು.

"ಸಾಯಂಕಾಲ ದನದ ದಳ್ಳಾಳಿಗೆ ಬರಕೇಳಿವ್ನಿ," ಎಂದ ಅಂದಾನಿ. "ಕಣ್ಮುಂದೆ ಸಾಯದ್ ನೋಡಕಾಗಕಿಲ್ಲ. ಕೊಟ್ಬುಡವ."

ದಳ್ಳಾಳಿ ಕೊಂಡ ಹಸು ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಲೀಲಮ್ಮ ಚುಕ್ಕಿಯ ಕುತ್ತಿಗೆ ಸವರುತ್ತ ಒಳಗೇ ಕೂತಳು. ಸೆರಗು ಬೆವರಿಗೆ ತೊಯ್ದು ಹಾಗೇ ಮೈಗೆ ಅಂಟಿತ್ತು. ಮಧ್ಯಾಹ್ನ ನೀರು ಹಿಡಿಯಲು ಬೀದಿಯ ಪಂಪಿಗೆ ಬಂದಳು. ಆಗಷ್ಟೇ ಕಡಲಗಾಳಿ ಎದ್ದಿತ್ತು. ಬಿಂದಿಗೆ ತುಂಬುವುದರೊಳಗೆ ಸೆರಗು ಒಣಗಿತು. ಆಕೆ ಸೆರಗು ಮುಟ್ಟಿ ನೋಡಿದಳು, ಗೋಡೆ ನೋಡಿದಳು. ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗಿಂದ ಹಾರೆ ತಂದು ಗೋಡೆಗೆ ಹಾಕಿದಳು.

"ಬೀದಿಯೋರ್ ಕಣ್ ಬೀಳ್ತದೆ ಅಂತ ನೀನೇ ಕಟ್ಸಿದ್ದಲ್ವಾ?" ಎಂದು ಅಂದಾನಿ ಓಡಿಬಂದ.

"ಕಣ್ ಬಿದ್ರೆ ನೀವಾಳಿಸ್ಬೋದು ಬುಡಿ. ಉಸ್ರೇ ನಿಂತೋದ್ರೆ ಏನ್ ನೀವಾಳಿಸ್ಲಿ?"

ಗೋಣಿಚೀಲಗಳನ್ನೂ ಕಿತ್ತೆಸೆದು ಚುಕ್ಕಿಯ ಮೈಮೇಲೆ ಬಿಂದಿಗೆಗಟ್ಟಲೆ ನೀರು ಹೊಯ್ದಳು. ಒದ್ದೆ ಮೈಮೇಲೆ ಗಾಳಿ ಆಡಿತು. ಬೀದಿಯವರೆಲ್ಲ ಸೇರಿ ಹಸುವನ್ನು ಕಣ್ತುಂಬ ನೋಡಿದೆವು. ನೋಡುವುದಕ್ಕೆ ಅಲ್ಲಿ ಏನಿತ್ತು? ಮೂಳೆ ಚಕ್ಕಳ. ನನಗಂತೂ ಅಳು ಬಂತು.

ದಳ್ಳಾಳಿ ಹಗ್ಗ ಹಿಡಿದು ಬರುವ ಹೊತ್ತಿಗೆ ಚುಕ್ಕಿ ಬಾಯಿ ಮುಚ್ಚಿ ಉಸಿರಾಡುತ್ತಿತ್ತು. ಲೀಲಮ್ಮ ಹಿಡಿದ ಹುಲ್ಲಿನಿಂದ ಒಂದು ಎಸಳನ್ನು ಎಳೆದುಕೊಂಡಿತು.

"ಹಸು ಕೊಡಲ್ಲ. ಇಟ್ಟಿಗೆ ಇದೆ, ಬೇಕಾ?" ಎಂದು ಲೀಲಮ್ಮ ತನ್ನ ಹರುಕುಮುರುಕು ತಮಿಳಿನಲ್ಲಿ ಕೇಳಿದಳು.

ಅಂದಾನಿ ಹಾರೆ ಎತ್ತಿಕೊಂಡು, ಉಳಿದಿದ್ದ ಅರ್ಧ ಗೋಡೆಯನ್ನೂ ಕೆಡವತೊಡಗಿದ.