ಹೊಸ ಪೇಪರು, ಹೊಸ ಜಿಲ್ಲೆ, ಬಿಟ್ಟುಹೋದ ಮಾವನ ಮನೆ

"ಭಾವಾ, ನಮ್ಮೂರು ಎಲ್ಗೋಯ್ತು?"

ಬೆಳಿಗ್ಗೆ ಆರು ಗಂಟೆಗೆ ಫೋನು. ಹಲೋ ಇಲ್ಲ, ಕಾಫಿ ಆಯ್ತಾ ಇಲ್ಲ, ನೇರ ಇದೇ ಪ್ರಶ್ನೆ. ಮಾತಾಡಿದವನು ನನ್ನ ಬಾಮೈದ ಸಿದ್ದರಾಜು. ಯಳಂದೂರು ತಾಲೂಕಿನ ಮಾಂಬಳ್ಳಿಯವನು. ಇಪ್ಪತ್ತು ವರ್ಷದಿಂದ ಆ ಊರಿನಲ್ಲಿ ಮನೆಮನೆಗೆ ಪೇಪರ್ ಹಾಕುತ್ತಿದ್ದಾನೆ. ಊರು ಎಲ್ಲಿಗೂ ಹೋಗಿರಲಿಲ್ಲ. ಅದೇ ಊರಿನ ಬಸ್ ಸ್ಟಾಪಿನಲ್ಲಿ ನಿಂತುಕೊಂಡೇ ನನ್ನನ್ನು ಕೇಳುತ್ತಿದ್ದ.

"ಯಾಕೋ, ಏನಾಯ್ತು?" ಅಂದೆ.

"ಹೊಸಾ ಪೇಪರ್ ತಗ್ದು ಮದ್ಲ್ನೇ ಪೇಜ್ ನೋಡಿ. ಹೊಸ ಜಿಲ್ಲೆ ಮ್ಯಾಪ್ ಆಕವ್ರಲ್ಲ, ಅದ್ರಲ್ಲಿ ಅಗರ ಅದ, ಗುಂಬಳ್ಳಿ ಅದ, ಯಳಂದೂರು ಅದ. ಮಾಂಬಳ್ಳಿನೇ ಇಲ್ಲ! ಜನ ನನ್ನ ಹಿಡ್ಕಂಡವ್ರ. ಯಾವನ್ ಭಾವಾ ಈ ಮ್ಯಾಪ್ ಬರ್ದೋನು?"

ನಾನು ಗಂಟಲು ಸರಿಮಾಡಿಕೊಂಡೆ. "ನಾನೇ ಕಣೋ" ಅಂದೆ.

ಆ ಕಡೆ ಒಂದು ಲಾರಿ ಹೋದ ಸದ್ದು ಕೇಳಿಸಿತು. ಆಮೇಲೆ ಸಿದ್ದರಾಜು ಮೆಲ್ಲಗೆ, "ಯಾರ್ಗೂ ಯೋಳ್ಬ್ಯಾಡಿ" ಅಂದು ಫೋನ್ ಇಟ್ಟುಬಿಟ್ಟ.

ಏನು ನಡೆಯಿತು ಅಂತ ಮೊದಲಿನಿಂದ ಹೇಳಿಬಿಡುತ್ತೇನೆ. ನಮ್ಮ ಕೊಳ್ಳೇಗಾಲದಲ್ಲಿ ಹೊಸದೊಂದು ದಿನಪತ್ರಿಕೆ ಶುರುವಾಗಿದೆ. ನಾಲ್ಕೇ ಪುಟ. (ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಈ ಪೇಪರಿನ ಸಂಪಾದಕರು, ಪುಕ್ಕಟೆ ಜಾಹೀರಾತು ಕೊಡ್ತೀಯೇನಯ್ಯ ಅಂತ ಕೇಳುತ್ತಾರೆ.) ಅದಕ್ಕೆ ಇರುವುದು ಒಂದೇ ಗುರಿ. ಕೊಳ್ಳೇಗಾಲ, ಹನೂರು, ಯಳಂದೂರು ಮೂರನ್ನೂ ಚಾಮರಾಜನಗರದಿಂದ ಬಿಡಿಸಿ ಪ್ರತ್ಯೇಕ ಜಿಲ್ಲೆ ಮಾಡಬೇಕು. ಸ್ವಾತಂತ್ರ್ಯ ಬೇಕು, ಅಷ್ಟೇ!

ನಗಬೇಡಿ. ನಮ್ಮ ಕಡೆ ಜಿಲ್ಲೆ ಬದಲಾಗುವುದು ಹೊಸ ವಿಷಯವೇನಲ್ಲ. ನನ್ನ ತಾತ ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ. ನನ್ನ ಅಪ್ಪ ಮದುವೆಯಾದದ್ದು ಮೈಸೂರು ಜಿಲ್ಲೆಯಲ್ಲಿ. ನಾನು ಕನ್ನಡಕ ಹಾಕಿಕೊಂಡದ್ದು ಚಾಮರಾಜನಗರ ಜಿಲ್ಲೆಯಲ್ಲಿ. ಮೂವರೂ ಇದ್ದದ್ದು ಒಂದೇ ಮನೆ, ಅದೇ ಹೊಸಿಲು, ಅದೇ ಸೋರುವ ಅಡುಗೆಮನೆ. ಇನ್ನೊಂದು ಸಲ ಬದಲಾದರೆ ಏನು ಮುಳುಗಿಹೋಗುತ್ತದೆ?

ಆ ಹೊಸ ಪೇಪರಿನ ಸಂಪಾದಕ, ಮಾಲೀಕ, ವರದಿಗಾರ ಎಲ್ಲಾ ಒಬ್ಬನೇ. ಮಾದೇಶ. ಹನೂರು ತಾಲೂಕಿನ ಶಾಗ್ಯದವನು, ನನ್ನ ಕಾಲೇಜಿನ ಜೊತೆಗಾರ. ಬೇರೊಂದು ದೊಡ್ಡ ಪೇಪರಿಗೆ ವರ್ಷಗಟ್ಟಲೆ ಸುದ್ದಿ ಕಳಿಸಿದ. ಇವನು ಒಂದು ಪುಟ ಬರೆದರೆ ಅಲ್ಲಿ ಬರುತ್ತಿದ್ದದ್ದು ನಾಲ್ಕು ಸಾಲು, ಅದೂ ಜಿಲ್ಲಾ ಪುಟದ ಕೆಳಮೂಲೆಯಲ್ಲಿ, ಟೆಂಡರ್ ನೋಟಿಸಿನ ಪಕ್ಕ. "ಆ ಮೂಲೆ ನೋಡಿ ನೋಡಿ ಸಾಕಾಯ್ತು ಕಣ್ಲಾ. ನಮ್ಗೂ ಒಂದ್ ಮದ್ಲ್ನೇ ಪೇಜ್ ಬ್ಯಾಡ್ವಾ?" ಅಂತ ಒಂದು ದಿನ ರೇಗಿ, ಟೈಲರ್ ಅಂಗಡಿಯ ಮೇಲೊಂದು ರೂಮು ಹಿಡಿದೇಬಿಟ್ಟ.

ಮೊದಲ ಸಂಚಿಕೆಯ ಮೊದಲ ಪುಟಕ್ಕೆ ಹೊಸ ಜಿಲ್ಲೆಯ ಮ್ಯಾಪ್ ಬೇಕಿತ್ತು. "ನೀನ್ ಬರಿಲಾ, ನಿನ್ಗ ಊರೂರೂ ಗೊತ್ತು" ಅಂದ. ಹೊಗಳಿದರೆ ಯಾರು ತಾನೇ ಬೇಡ ಅನ್ನುತ್ತಾರೆ? ಒಂದು ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆದೆ. ನಮ್ಮವರಿಗೆ ಭೂಗೋಳ ಅಂದರೆ ಬಸ್ ರೂಟು ತಾನೇ? ಕಣ್ಣು ಮುಚ್ಚಿಕೊಂಡು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವ ಹಾಗೆ ಹೇಳಿಕೊಳ್ಳುತ್ತಾ ಹೋದೆ. ಮಧುವನಹಳ್ಳಿ, ಶಾಗ್ಯ, ಹನೂರು, ರಾಮಾಪುರ. ಆ ಕಡೆ ಪಾಳ್ಯ, ಸತ್ತೇಗಾಲ. ಈ ಕಡೆ ಅಗರ, ಯಳಂದೂರು, ಗುಂಬಳ್ಳಿ. ಕೊಳ್ಳೇಗಾಲದ ಮೇಲೆ ಒಂದು ಕೆಂಪು ಸ್ಟಾರ್ ಇಟ್ಟೆ, ಜಿಲ್ಲಾ ಕೇಂದ್ರ ಅಂತ. ಮಾದೇಶ ಅದನ್ನೇ ಡಿಟಿಪಿಯವರಿಗೆ ಕೊಟ್ಟ. ಇಬ್ಬರಲ್ಲಿ ಒಬ್ಬರೂ ಇನ್ನೊಂದು ಸಲ ನೋಡಲಿಲ್ಲ.

ಮಾಂಬಳ್ಳಿ ಯಾಕೆ ಬಿಟ್ಟುಹೋಯಿತು? ಫೋನ್ ಇಟ್ಟ ಮೇಲೆ ತಲೆ ಕೆರೆದುಕೊಂಡು ಯೋಚಿಸಿದೆ. ಉತ್ತರ ಹೊಳೆದಾಗ ನನಗೇ ನಾಚಿಕೆಯಾಯಿತು. ನನ್ನ ತಲೆಯಲ್ಲಿ ಮಾಂಬಳ್ಳಿ ಒಂದು ಊರೇ ಅಲ್ಲ. ಅದು ಮಾವನ ಮನೆ. ಮ್ಯಾಪಿನಲ್ಲಿ ಯಾರಾದರೂ ಮಾವನ ಮನೆ ಬರೆಯುತ್ತಾರೆಯೇ?

ಈ ವಿವರಣೆಯನ್ನು ಹೆಂಡತಿ ಮಂಗಳಾಗೆ ಹೇಳಿದೆ. (ಹೇಳಬಾರದಿತ್ತು.) "ಹಬ್ಬದಲ್ಲಿ ಒಬ್ಬಟ್ಟು ತಿನ್ನಕ್ಕ ಮಾತ್ರ ದಾರಿ ನೆಪ್ಪಿರ್ತದ, ಅಲ್ವಾ?" ಅಂದಳು. ಅವತ್ತು ತಿಂಡಿಗೆ ಉಪ್ಪಿಟ್ಟು. ನನಗೆ ಉಪ್ಪಿಟ್ಟು ಆಗುವುದಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ಮಾಂಬಳ್ಳಿಗೆ ಹೋಗಲೇಬೇಕಿತ್ತು. ಆದರೂ ಹೊಸ ಪೇಪರನ್ನು ಜನ ಹೇಗೆ ತೆಗೆದುಕೊಂಡಿದ್ದಾರೆ ಎಂಬ ಕುತೂಹಲ ತಡೆಯಲಾಗಲಿಲ್ಲ. ದಾರಿಯಲ್ಲಿ ಒಂದು ಹೋಟೆಲಿಗೆ ನುಗ್ಗಿದೆ. ಒಂದೇ ಪೇಪರು, ಎರಡು ಹಾಳೆಯಾಗಿ ಎರಡು ಟೇಬಲ್ಲಿಗೆ ಹಂಚಿಹೋಗಿತ್ತು. ಮೊದಲ ಪುಟ ಸಿಕ್ಕಿದವರು ಅದನ್ನು ತಿರುಗಿಸಿ ಹಿಂದೆ ರೇಷ್ಮೆಗೂಡಿನ ರೇಟು ಹುಡುಕುತ್ತಿದ್ದರು.

"ಯಾವ್ ಪಾರ್ಟಿದು ಸಾ ಇದು?" ಅಂತ ಒಬ್ಬರು ಕೇಳಿದರು.

"ಯಾವ ಪಾರ್ಟಿದೂ ಅಲ್ಲ."

"ಅಂಗಾದ್ರ ಎಷ್ಟ್ ದಿನ ಬತ್ತದ?" ಅಂದರು, ನಿಜವಾದ ಕನಿಕರದಿಂದ.

ಬಸ್ ಸ್ಟ್ಯಾಂಡಿನಲ್ಲಿ ಹನೂರಿನವರೊಬ್ಬರು ಮ್ಯಾಪನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಹೇಗಿದೆ ಅಂದೆ. "ಮ್ಯಾಪ್ ಚೆನ್ನಾಗದ ಸಾ. ಆದ್ರ ಈ ಸ್ಟಾರ್ ತಪ್ ಜಾಗ್ದಲ್ಲಿ ಬಿದ್ದದ. ಇನ್ನೊಸಿ ಅತ್ಲಾಗಿ, ಅನೂರ್ ಮ್ಯಾಲ ಇರ್ಬೇಕಿತ್ತು" ಅಂದರು. ಕೊಳ್ಳೇಗಾಲ ದೊಡ್ಡ ಊರಲ್ಲವೇ ಅಂತ ನಾನು ವಾದಕ್ಕೆ ಇಳಿದೆ. "ನೀವು ಚಾಮ್ರಾಜ್ನಗರ ಬ್ಯಾಡ ಅನ್ಬೌದು, ನಾವು ಕೊಳ್ಳೇಗಾಲ ಬ್ಯಾಡ ಅನ್ಬಾರ್ದಾ?" ಅಂದುಬಿಟ್ಟರು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆಯೆತ್ತದೆ, "ಜಿಲ್ಲೆ ಆದ್ರ ಬಸ್ಸು ಜಾಸ್ತಿ ಬುಡ್ತಾರಾ?" ಅಂತ ಕೇಳಿದರು. ಗೊತ್ತಿಲ್ಲಮ್ಮ ಅಂದೆ. "ಅದ ಮದ್ಲು ಕೇಳ್ಕಂಡ್ ಬಂದು ಬರೀರಿ" ಅಂದರು.

ಇಷ್ಟೆಲ್ಲ ಕೇಳಿಕೊಂಡು ನಗುನಗುತ್ತಲೇ ಬಸ್ ಹತ್ತಿದೆ. ಮಾಂಬಳ್ಳಿಯಲ್ಲಿ ಇಳಿದಾಗ ನಗು ಹೋಯಿತು.

ಮಾವನ ಮನೆಯ ಜಗುಲಿಯ ಮೇಲೆ ಹೊಸ ಪೇಪರಿನ ಗುಡ್ಡೆ ಬಿದ್ದಿತ್ತು. ಎಲ್ಲ ವಾಪಸ್ ಬಂದಿದ್ದವು. ಸಿದ್ದರಾಜು ಒಂದು ತಿಂಗಳು ಊರೆಲ್ಲ ಓಡಾಡಿ, "ನಮ್ಮ ಭಾವ್ನ ಜೊತೆಗಾರ್ರ ಪೇಪರು, ನಮ್ದೇ ಪೇಪರು" ಅಂತ ಹೇಳಿ ನಲವತ್ತು ಮನೆಯವರನ್ನು ಒಪ್ಪಿಸಿದ್ದ. ಅವರೆಲ್ಲ ಓದುತ್ತೇವೆ ಅಂದದ್ದು ಜಿಲ್ಲೆಯ ಆಸೆಗಲ್ಲ, ಸಿದ್ದರಾಜುವಿನ ಮಾತಿಗೆ. ಈಗ ಅವನು ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. ಸುತ್ತ ಹತ್ತು ಹನ್ನೆರಡು ಜನ. ನಡುವೆ ಮರಿಸ್ವಾಮಪ್ಪನವರು. ಊರಿನ ಹಿರಿಯರು, ಪೇಪರನ್ನು ಮೊದಲ ಸಾಲಿನಿಂದ ಹಿಡಿದು ಕೊನೆಯಲ್ಲಿ ಮುದ್ರಕರ ಹೆಸರಿನವರೆಗೂ ಬಿಡದೆ ಓದುವವರು.

ನನ್ನನ್ನು ಕಂಡದ್ದೇ ಎಲ್ಲರೂ ಎದ್ದರು. "ಬನ್ನಿ ಅಳಿಯಂದ್ರೇ, ಕೂತ್ಕಳಿ. ಏ, ಅಳಿಯಂದ್ರ್ಗ ಕಾಪಿ ತನ್ನಿ!"

ನಿಮಗೆ ಗೊತ್ತಿರಬಹುದು. ನಮ್ಮ ಕಡೆ ಒಂದು ಮನೆಯ ಅಳಿಯ ಊರಿಗೆಲ್ಲ ಅಳಿಯ. ಅವನನ್ನು ಯಾರೂ ಬಯ್ಯುವ ಹಾಗಿಲ್ಲ. ಹಾಗಾಗಿ ಅವತ್ತು ಮರಿಸ್ವಾಮಪ್ಪನವರ ಮಾತು ನಡೆದದ್ದು ಹೀಗೆ.

"ಏನ್ಲಾ ಸಿದ್ರಾಜು, ಊರ್ನೇ ತಗ್ದ್ ಬಿಸಾಕವ್ರಲ್ಲ, ನೀನು ಕಣ್ಮುಚ್ಕಂಡ್ ತಂದ್ ಹಂಚ್ಬುಟ್ಯಾ? ಸಕ್ಕರ ಸಾಕಾ ಅಳಿಯಂದ್ರೇ? ಅಗರ ಆಕವ್ರ, ನಾವ್ ಕಾಣ್ನಿಲ್ವೇನ್ಲಾ ಅವ್ರ್ಗ? ಬಿಸ್ಲಲ್ಲಿ ಬಂದಿದ್ದೀರಿ, ಈ ಕಡೆ ನೆಳ್ಳಲ್ಲಿ ಕೂತ್ಕಳಿ ಅಳಿಯಂದ್ರೇ. ನಾಳಿಂದ ಇದೊಂದೇ ಅಲ್ಲ, ಯಾವ್ ಪೇಪರೂ ನೀ ಆಕ್ಬ್ಯಾಡ. ಯಳಂದೂರು ಏಜೆಂಟ್ಗ ಯೋಳ್ಬುಡ್ತೀವಿ!"

ಸಿದ್ದರಾಜು ತಲೆ ತಗ್ಗಿಸಿದ. ಇಪ್ಪತ್ತು ವರ್ಷದ ಕೆಲಸ ಅದು. ಅವನಿಗಿರುವ ಕೆಲಸವೂ ಅದೊಂದೇ. "ಪ್ರೆಸ್ನಲ್ಲಿ ಬಿಟ್ಟೋಗದ ಯಜಮಾನ್ರೇ" ಅಂದ, ನನ್ನ ಕಡೆ ತಿರುಗದೆ. ನಾನು ಕಾಫಿ ಲೋಟ ಕೆಳಗಿಟ್ಟೆ.

"ಪ್ರೆಸ್ಸಿನದಲ್ಲ. ಅವನದೂ ಅಲ್ಲ. ಮ್ಯಾಪ್ ಬರೆದದ್ದು ನಾನು" ಅಂದೆ.

ಒಂದು ಗಳಿಗೆ ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ನಕ್ಕರು! "ನೋಡ್ರಪ್ಪಾ, ಬಾಮೈದ್ನ ಮ್ಯಾಲ ಎಂಥಾ ಪ್ರೀತಿ! ಅವನ್ ತಪ್ಪ ತಮ್ ಮ್ಯಾಲ ಆಕ್ಕತ್ತಾವ್ರ" ಅಂತ ಒಬ್ಬರು. "ಇಂಥಾ ಭಾವ್ನ ಮಾನ ಕಳದ್ಯಲ್ಲೋ ಸಿದ್ರಾಜು" ಅಂತ ಇನ್ನೊಬ್ಬರು. ಸತ್ಯ ಹೇಳಿ ಬಾಮೈದನಿಗೆ ಇನ್ನೆರಡು ಬೈಗುಳ ಹೆಚ್ಚಿಗೆ ಕೊಡಿಸಿದ ಭಾವ ನಾನೊಬ್ಬನೇ ಇರಬೇಕು.

ಬೇರೆ ದಾರಿ ಇರಲಿಲ್ಲ. ಆ ಲಗ್ನಪತ್ರಿಕೆಯ ಫೋಟೋ ನನ್ನ ಮೊಬೈಲಿನಲ್ಲಿತ್ತು. ತೆಗೆದು ಮರಿಸ್ವಾಮಪ್ಪನವರ ಕೈಗೆ ಕೊಟ್ಟೆ. ಅಕ್ಷರ ನನ್ನದೇ ಅಂತ ಅವರಿಗೆ ಗೊತ್ತಾಯಿತು. ನಮ್ಮ ಮಾವನವರು ತೀರಿಕೊಂಡಾಗ ಊರಿಗೆಲ್ಲ ಕಾರ್ಡು ಬರೆದವನು ನಾನೇ. ಅವರು ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಅಳಿಯಂದ್ರೇ" ಅಂದರು ಕೊನೆಗೆ, ಬಹಳ ಮರ್ಯಾದೆಯಿಂದ. "ಓದ ಸಲ ಉಗಾದಿಗ ಬಂದಿದ್ರಲ್ಲ, ಯಾವ್ ಊರ್ಗ ಬಂದಿದ್ರಿ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದಕ್ಕಿಂತ ಎರಡು ಏಟು ಹಾಕಿದ್ದರೆ ವಾಸಿಯಿತ್ತು. ಆದರೆ ಸಿದ್ದರಾಜುವನ್ನು ಬಯ್ಯುವುದು ಅಲ್ಲಿಗೆ ನಿಂತಿತು. ಅವನು ಕಂಬ ಬಿಟ್ಟು ಬಂದು ನನ್ನ ಪಕ್ಕ ಕೂತ. ಅಷ್ಟು ಸಾಕಾಗಿತ್ತು ನನಗೆ.

ಆದರೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. "ಯಜಮಾನ್ರೇ, ಹೋದ ತಿಂಗಳು ಮಾದೇಶ ಬಂದಾಗ ನೀವೇ ಅಂದಿದ್ರಂತೆ, ನಮ್ಮ ತಾಲೂಕು ಯಳಂದೂರು, ಕೊಳ್ಳೇಗಾಲದವರ ಕೈಕೆಳಗೆ ನಾವ್ಯಾಕಿರಬೇಕು, ನಮಗೆ ಬೇಡ ಅಂತ. ಬೇಡದ ಜಿಲ್ಲೆಯಿಂದ ಊರು ಬಿಟ್ಟುಹೋದರೆ ಒಳ್ಳೆಯದೇ ಆಯಿತಲ್ಲ?"

ಅವರಿಗೆ ಸಿಟ್ಟು ಬಂತು. "ಅದ್ ಬ್ಯಾರೆ ಮಾತು. ನಾಳ ಪೇಪರ್ನಲ್ಲಿ ನಮ್ಮೂರ್ ಎಸ್ರು ಇರ್ಬೇಕು. ಇಲ್ದಿದ್ರ ಪೇಪರ್ ಕಟ್ಟು ಬಸ್ನಿಂದ ಇಳೀಕೂಡ್ದು. ಯೋಳ್ಬುಡಿ ನಿಮ್ ಜೊತೆಗಾರ್ಗ."

ಅಲ್ಲಿಂದಲೇ ಮಾದೇಶನಿಗೆ ಫೋನ್ ಮಾಡಿ ಹೇಳಿದೆ. ಅವನು ನನ್ನನ್ನು ಬಯ್ದ, ತನ್ನನ್ನೂ ಬಯ್ದುಕೊಂಡ. ಹೊಸ ಮ್ಯಾಪು, ಕ್ಷಮಾಪಣೆ ಎರಡೂ ಹಾಕುತ್ತೇನೆ ಅಂದ. ಆಮೇಲೆ ಅವನ ಸ್ವರ ಬದಲಾಯಿತು. "ಲೇ, ಅಂದ್ರೆ ಮಾಂಬಳ್ಳಿಯವ್ರು ಜಿಲ್ಲೆಗ ಸೇರ್ಬೇಕು ಅಂತಾವ್ರ ಅಂತಾಯ್ತಲ್ಲ?" ಅಂದ. ಹಾಗಲ್ಲ ಕಣೋ ಅನ್ನುವಷ್ಟರಲ್ಲಿ ಇಟ್ಟುಬಿಟ್ಟಿದ್ದ.

ಮರುದಿನ ಮ್ಯಾಪು ಬಂತು. ಮಾಂಬಳ್ಳಿ ದಪ್ಪ ಅಕ್ಷರದಲ್ಲಿ, ಯಳಂದೂರಿಗಿಂತ ದೊಡ್ಡದಾಗಿ! ಪಕ್ಕದಲ್ಲೇ ಸುದ್ದಿ: ‘ಹೊಸ ಜಿಲ್ಲೆಗೆ ಸೇರಲು ಮಾಂಬಳ್ಳಿ ಜನರ ಪಟ್ಟು’.

ಹಾಳಾಯಿತು ಅಂದುಕೊಂಡೆ. ಎಂಟು ಗಂಟೆಗೆ ಸಿದ್ದರಾಜು ಫೋನ್ ಮಾಡಿದ. ನಾನೇ ಮೊದಲು ಕೇಳಿದೆ, "ಪೇಪರ್ ಇಳಿಸಿಕೊಂಡ್ಯಾ?"

"ಇಳಿಸ್ಕಂಡಿ ಭಾವ. ಮದ್ಲು ಯಜಮಾನ್ರ ಮನೆಗೇ ತಕಂಡೋದಿ. ಕನ್ನಡ್ಕ ಆಕ್ಕಂಡು ಮ್ಯಾಪ್ ಮ್ಯಾಲ ಬೆರಳಿಟ್ಟು ನೋಡುದ್ರು. ‘ಸರಿ, ಅದ’ ಅಂದ್ರು. ಆಮೇಲ ಆ ಸುದ್ದಿನೂ ಓದುದ್ರು, ಪೂರ್ತಿ."

"ಏನಂದ್ರು?"

"‘ಈಗ ಬರ್ಕೊ ಸಿದ್ರಾಜು. ನಮ್ಮೂರ್ಗ ಆ ಜಿಲ್ಲೆ ಬ್ಯಾಡ. ಬ್ಯಾಡ ಅನ್ನಕ್ಕೂ ಮದ್ಲು ನಮ್ಮೂರು ಅದ್ರಲ್ಲಿ ಇರ್ಬೇಕಲ್ಲ, ಅದ್ಕ ಕೇಳಿದ್ದು. ಇದ ನಿಮ್ ಭಾವ್ನ ಜೊತೆಗಾರ್ಗ ಕಳ್ಸು’ ಅಂದ್ರು."

"ಹಾಗಾದರೆ ಪೇಪರ್ ನಿಲ್ಲಿಸಬೇಕಂತಾ?"

"ನಾನೂ ಅದನ್ನೇ ಕೇಳ್ದಿ ಭಾವ. ಯಜಮಾನ್ರು ನನ್ಗೇ ಬಯ್ದ್ರು. ‘ಯಾಕ್ಲಾ ನಿಲ್ಲಿಸ್ತೀಯ? ದಿನಾ ಆಕು, ನಲ್ವತ್ತು ಮನೆಗೂ ಆಕು. ನಾವ್ ಬ್ಯಾಡ ಅಂದಿದ್ದ ಅಚ್ಚಾಕ್ತಾರಾ ಇಲ್ವಾ ಅಂತ ನೋಡ್ಬೇಕಲ್ವಾ?’ ಅಂದ್ರು."

ಸಿದ್ದರಾಜು ಬರೆದು ಕಳಿಸಿದ ಆ ಕಾಗದ ಟೈಲರ್ ಅಂಗಡಿಯ ಮೇಲಿನ ರೂಮು ತಲುಪಿ ಇವತ್ತಿಗೆ ಮೂರು ದಿನ. ನಲವತ್ತು ಮನೆಯವರೂ ದಿನಾ ಬೆಳಿಗ್ಗೆ ನಾಲ್ಕು ಪುಟ ತಿರುಗಿಸಿ ಹುಡುಕುತ್ತಿದ್ದಾರೆ. ಪೇಪರ್ ಹಾಕುವ ನನ್ನ ಬಾಮೈದ ನಲವತ್ತು ಬಾಗಿಲಲ್ಲೂ ಒಂದೊಂದು ಗಳಿಗೆ ನಿಂತು ಅವರ ಮುಖ ನೋಡುತ್ತಿದ್ದಾನೆ.

ಮಾದೇಶ, ಸ್ವಂತ ಜಿಲ್ಲೆ ಕೇಳುವ ನಿನ್ನ ಪೇಪರಿನಲ್ಲಿ ಮಾಂಬಳ್ಳಿಯ ‘ಬ್ಯಾಡ’ಕ್ಕೆ ಒಂದು ಮೂಲೆಯಾದರೂ ಇದೆಯೇನಪ್ಪ?