ಬಂದೂಕು ಒಪ್ಪಿಸಿದ ಕಾರಣ

ಖಾನಾಪುರದಲ್ಲಿ ನಮ್ಮ ಪಕ್ಕದ ಮನೆಯ ಕಾಕು ಮನಸ್ಸಿನ ಮಾತನ್ನು ಹೇಳುವಾಗ ಅಂಗೈಗೆ ಬೆರಳೊತ್ತಿ, "ಖರೇ ಹೇಳ್ತೀನಿ" ಎಂದೇ ಶುರುಮಾಡುತ್ತಿದ್ದರು. ಕಾಡುಹಂದಿಯಿಂದ ಬೆಳೆ ಕಾಯಲು ಅವರ ಗಂಡ ಲೈಸೆನ್ಸ್ ಪಡೆದು ಬಂದೂಕು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದನ್ನು ಪೊಲೀಸರಿಗೆ ಒಪ್ಪಿಸಲು ಕಾಕು ನಿರ್ಧರಿಸಿದರು. ಅದೇ ಮನೆಯಲ್ಲಿದ್ದ ಅವರ ಮೈದುನ ರೇಗಿದ.

"ಬಂದೂಕ ಇಲ್ಲಂದ್ರ ಹಂದಿ ಭತ್ತ ಬಿಡ್ತಾವೇನ್ರಿ ವೈನಿ?"

"ರಾತ್ರಿಯೆಲ್ಲಾ ಡಬ್ಬಿ ಬಡೀತೀನಿ."

ಅರ್ಜಿ ಬರೆಯಲು ನಾನು ಕುಳಿತೆ. "ಕಾರಣ ಏನಂತ ಬರೀಲ್ರಿ ಕಾಕು?"

"ಮನ್ಯಾಗ ಭಾಳ ಸಿಟ್ಟಿನವರು ಒಬ್ರು ಅದಾರಂತ ಬರಿ."

ಮೈದುನ ತಲೆ ತಗ್ಗಿಸಿದ.

"ನೀ ಅಲ್ಲೋ, ನಾನು," ಎಂದರು ಕಾಕು. "ಖರೇ ಹೇಳ್ತೀನಿ, ಮೊನ್ನಿ ಬದುವಿನ ಜಗಳ ಆದಾಗ ಮನಿಗೆ ಓಡಿಬಂದು ಅದನ್ನ ಕೈಯಾಗ ಹಿಡಿದಿದ್ದೆ."

ನನ್ನ ಪೆನ್ನು ನಿಂತಿತು.

"ಬರಿ, ಯಾಕ ನಿಲ್ಲಿಸಿದಿ?" ಎಂದರು.